ಕೋಣನ ತಾಯಿ ಎಲ್ಲಿ ಹೋದಳು?

೧

ಮೂಡಲಗಿಯಲ್ಲಿ ಬಿ.ಎ. ಹುಡುಗರಿಗೆ ಜಾನಪದದ ಪಾಠ ಹೇಳುತ್ತಿದ್ದೆ. ಅವತ್ತಿನ ವಿಷಯ ಗ್ರಾಮದೇವತೆಗಳು. ನಮ್ಮ ಸೀಮೆಯಲ್ಲಿ ದ್ಯಾಮವ್ವನ ಕಥೆ ಹೇಳದೆ ಆ ಪಾಠ ಮುಗಿಯುವುದಿಲ್ಲ. ಗೊತ್ತಿಲ್ಲದವರಿಗಾಗಿ ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ.

ದ್ಯಾಮವ್ವ ಬ್ರಾಹ್ಮಣರ ಮನೆಯ ಮಗಳು. ಹೊಲಗೇರಿಯ ಹುಡುಗನೊಬ್ಬ ಕುಲ ಮರೆಸಿ, ಓದು ಕಲಿತು, ತಾನೂ ಬ್ರಾಹ್ಮಣನೇ ಎಂದು ನಂಬಿಸಿ ಅವಳನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಬಾಳುವೆ ಚೆನ್ನಾಗಿಯೇ ನಡೆದಿರುತ್ತದೆ. ಒಂದು ದಿನ ಅವನ ತಾಯಿ ಮಗನನ್ನು ನೋಡಲು ಬರುತ್ತಾಳೆ. ಊಟಕ್ಕೆ ಕುಂತಾಗ ಬಾಯಿ ಬಿಡಬ್ಯಾಡ ಅಂತ ಮಗ ಮೊದಲೇ ಹೇಳಿರುತ್ತಾನೆ. ಸೊಸೆ ಸಿಹಿ ಬಡಿಸುತ್ತಾಳೆ. ರುಚಿ ಹತ್ತಿದ ಮುದುಕಿ ಎಲ್ಲ ಮರೆತು, ಇದು ಥೇಟ್ ಕೋಣನ ನಾಲಿಗಿ ಇದ್ದಂಗ ಐತಲ್ಲೋ ಅಂದುಬಿಡುತ್ತಾಳೆ. ಸೊಸೆಗೆ ಗುಟ್ಟು ತಿಳಿಯುತ್ತದೆ. ಅವಳು ಮನೆಗೆ ಬೆಂಕಿ ಇಡುತ್ತಾಳೆ. ಗಂಡ ಓಡಿಹೋಗಿ ಕೋಣನ ಮೈಯೊಳಗೆ ಅಡಗುತ್ತಾನೆ. ಮಕ್ಕಳು ಕುರಿ, ಆಡು ಆಗುತ್ತಾರೆ. ಅವಳು ದೇವಿಯಾಗುತ್ತಾಳೆ. ಜಾತ್ರೆಯಲ್ಲಿ ಕೋಣ ಕಡಿಯುವುದು ಆ ಗಂಡನಿಗೆ ಮತ್ತೆ ಮತ್ತೆ ಕೊಡುವ ಶಿಕ್ಷೆ.

ಹೇಳುವವರು ಬದಲಾದಂತೆ ಕಥೆಯ ವಿವರ ಬದಲಾಗುತ್ತದೆ, ಎಲುಬು ಬಹುಮಟ್ಟಿಗೆ ಒಂದೇ. ಕನ್ನಡ ನಾಡಿನಲ್ಲಿ ಮಾತ್ರವಲ್ಲ, ಆಂಧ್ರದ ಕಡೆಗೂ ಇದರ ಬಳಗವಿದೆ. ಪ್ರಾಣಿಬಲಿ ನಿಷೇಧಿಸಿ ನಮ್ಮ ರಾಜ್ಯದಲ್ಲಿ ೧೯೫೯ರಲ್ಲೇ ಕಾನೂನು ಬಂತು. ಕೋಣ ಕಡಿಯುವುದು ಎಷ್ಟೋ ಕಡೆ ನಿಂತಿದೆ. ಕಥೆ ನಿಂತಿಲ್ಲ.

ನಾನು ಹೇಳಿ ಮುಗಿಸಿ, ಇದು ವರ್ಣಸಂಕರದ ಭಯದಿಂದ ಹುಟ್ಟಿದ ಪುರಾಣ, ಆರ್ಯ-ದ್ರಾವಿಡ ಸಂಘರ್ಷವನ್ನು ಇದರಲ್ಲಿ ಕಂಡ ವಿದ್ವಾಂಸರಿದ್ದಾರೆ ಎಂದೆಲ್ಲ ನೋಟ್ಸು ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: 'ಸರ, ಆ ಮುದುಕಿ ಏನಾದಳ್ರಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಡ ಕೋಣನಾದ, ಮಕ್ಕಳು ಕುರಿಯಾದರು, ಹೆಂಡತಿ ದೇವಿಯಾದಳು. ಆ ಮುದುಕಿಯ ಕೈಯಲ್ಲಿ ತುತ್ತು ಹಾಗೇ ಉಳಿದಿದೆ. ಕಥೆ ಅವಳನ್ನು ಅಲ್ಲೇ ಬಿಟ್ಟು ಮುಂದೆ ಹೋಗಿಬಿಟ್ಟಿದೆ. ಎಂ.ಎ.ಯಲ್ಲಿ ಜಾನಪದ ಓದಿದವನು ನಾನು. ಎರಡು ವರ್ಷದಲ್ಲಿ ನನಗಾಗಲಿ ನನ್ನ ಜೊತೆ ಓದಿದವರಿಗಾಗಲಿ ಈ ಪ್ರಶ್ನೆ ಹೊಳೆದಿರಲಿಲ್ಲ. ದಲಿತ ವಿಮರ್ಶೆ ಎಂದರೇನು ಎಂದು ಈ ಸಂಚಿಕೆ ಕೇಳುತ್ತಿರುವಾಗ ನನಗೆ ಮೊದಲು ನೆನಪಾದದ್ದು ಆ ಹುಡುಗಿಯೇ. ಈ ಬರಹ ಅವಳ ಪ್ರಶ್ನೆ ಹಿಡಿದುಕೊಂಡು ಹಳೆಯ ಐತಿಹ್ಯಗಳನ್ನು ಹೊಸದಾಗಿ ಕಟ್ಟಿದ ಕೆಲವು ಕೃತಿಗಳನ್ನು ಓದುವ ಪ್ರಯತ್ನ.

೨

ಅದಕ್ಕೂ ಮೊದಲು ನನ್ನದೊಂದು ಸಂಗತಿ ಹೇಳಬೇಕು. ಹೇಳದಿದ್ದರೆ ಈ ಓದು ಬರೀ ಪುಸ್ತಕದ ಓದಾಗುತ್ತದೆ.

ನಾನು ಹುಕ್ಕೇರಿ ತಾಲ್ಲೂಕಿನ ಹಳ್ಳಿಯೊಂದರ ಕೇರಿಯವನು. ಕೆಲಸ ಸಿಕ್ಕ ಮೇಲೆ ಗೋಕಾಕದಲ್ಲಿ ಒಂದು ರೂಮು ಹಿಡಿದೆ. ಮಾಲಕರು ಅಡ್ಡಹೆಸರು ಕೇಳಿದರು. ನಮ್ಮದು ಊರಿನ ಹೆಸರಿನ ಮೇಲೆ ಬಂದ ಅಡ್ಡಹೆಸರು, ಅದರಿಂದ ಏನೂ ತಿಳಿಯುವುದಿಲ್ಲ. ಲೆಕ್ಚರರ್ ಅಂದ ಮೇಲೆ ಮುಂದೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಸುಳ್ಳು ಹೇಳಿದೆ ಅನ್ನುವಂತಿಲ್ಲ. ಆದರೆ ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಒಂದು ದಿನ ಅವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಳು. ಬಸ್ಸಿನಿಂದ ಇಳಿಸಿಕೊಂಡು ಬರುವಾಗಲೇ ಹೇಳಿದೆ: 'ಅವ್ವಾ, ಮಾಲಕರ ಮನ್ಯಾಗ ಭಾಳ ಮಾತಾಡಬ್ಯಾಡ.' ಅವ್ವ 'ಯಾಕೋ?' ಅಂತ ಅಷ್ಟೇ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸಂಜೀಕ ಮಾಲಕರ ಮನೆಯ ಅಕ್ಕಾರು ಗೋದಿ ಹುಗ್ಗಿ ತಂದುಕೊಟ್ಟು ಮಾತಿಗೆ ಕುಂತರು. ಒಳ್ಳೆಯ ಮನಸ್ಸಿನವರೇ. ಮಾತು ಜಾತ್ರೆಗೆ ಬಂತು. ನಿಮ್ಮೂರಾಗ ಜಾತ್ರಿ ಜೋರೇನ್ರಿ ಅಂತ ಅವರು ಕೇಳಿದರು. ಅವ್ವ ಹುಗ್ಗಿ ತಿನ್ನುತ್ತ ಭಾಳ ಹೆಮ್ಮೆಯಿಂದ ಅಂದಳು: 'ನಮ್ಮ ಹಲಗಿ ಮುಂದ ಬರೂತನ ತೇರು ಹೆಜ್ಜಿ ಕಿತ್ತಿಡೂದಿಲ್ಲರೀ ಅಕ್ಕಾರ.'

ಅಷ್ಟೇ. ಯಾರೂ ಜಾತಿಯ ಹೆಸರು ಎತ್ತಲಿಲ್ಲ. ಅಕ್ಕಾರು 'ಹೌದನ್ರಿ' ಅಂದು ಎದ್ದು ಹೋದರು. ಇಪ್ಪತ್ತು ದಿನಕ್ಕೆ ಮಾಲಕರು ಬಂದು, ಅಳಿಯ ಬರಾಂವ ಅದಾನ, ರೂಮು ಬೇಕಾಗೇತಿ ಅಂದರು. ಖಾಲಿ ಮಾಡಿದೆ.

ಇಂಥದ್ದು ನಮ್ಮ ಓದುಗರಿಗೆ ಹೊಸದಲ್ಲ. ನಾನು ಹೇಳಹೊರಟಿದ್ದು ಬೇರೆ. ಟ್ರಂಕು, ಪುಸ್ತಕದ ಗಂಟು ಹೊತ್ತು ಹೊರಬೀಳುವಾಗ ನನಗೆ ಸಿಟ್ಟು ಬಂದದ್ದು ಮಾಲಕರ ಮೇಲಲ್ಲ, ಅವ್ವನ ಮೇಲೆ. ಸುಮ್ಮನಿದ್ದಿದ್ದರ ಏನ ಕಳಕೋತಿದ್ದಿ ಅಂತ ಮನಸ್ಸಿನಲ್ಲೇ ಬೈದೆ. ಎಷ್ಟೋ ದಿನ ಫೋನು ಮಾಡಲಿಲ್ಲ. ಆ ಹುಡುಗಿ ತರಗತಿಯಲ್ಲಿ ಪ್ರಶ್ನೆ ಕೇಳಿದ ದಿನ ನನಗೆ ತಿಳಿಯಿತು: ದ್ಯಾಮವ್ವನ ಕಥೆಯನ್ನು ನಾನು ಪಾಠ ಮಾಡುತ್ತಿರಲಿಲ್ಲ, ಅದರೊಳಗೇ ಬದುಕುತ್ತಿದ್ದೆ.

ಆ ಕಥೆ ಕೇಳಿದವರ ಮನಸ್ಸಿನಲ್ಲಿ ಉಳಿಯುವ ಅಪರಾಧಿಗಳು ಇಬ್ಬರು. ಸುಳ್ಳು ಹೇಳಿದ ಮಗ, ನಿಜ ಹೇಳಿದ ತಾಯಿ. ಒಂದು ತುತ್ತಿನ ಮಾತಿಗೆ ಇಡೀ ಮನೆ ಸುಡುವಂಥ ವ್ಯವಸ್ಥೆಯನ್ನು ಕಟ್ಟಿದವರು ಯಾರು ಎಂಬುದು ಕಥೆಯ ಹೊರಗೇ ಉಳಿಯುತ್ತದೆ. ಕೇರಿಯವರೂ ಈ ಕಥೆ ಹೇಳುತ್ತಾರೆ, ಹೇಳಿ ಆ ಮುದುಕಿಯನ್ನು ಬೈಯುತ್ತಾರೆ. ಐತಿಹ್ಯದ ಯಜಮಾನಿಕೆ ಅಂದರೆ ಇದು. ತುಳಿಸಿಕೊಂಡವನು ತನ್ನ ತಾಯಿಯ ನಾಲಿಗೆಯನ್ನೇ ತಪ್ಪಿತಸ್ಥ ಮಾಡುತ್ತಾನೆ.

೩

ಅದೇ ತರಗತಿಯ ಹುಡುಗನೊಬ್ಬ ದಪ್ಪ ಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. 'ಸರ, ಇದರಾಗ ಶಿವಾ ಅಸ್ಪೃಶ್ಯತಾ ತಗದಹಾಕ್ತಾನ್ರಿ. ನೀವು ಹೇಳೂ ಕಥಿಗಿಂತ ಇದ ಛಲೋ ಐತಿ.' ಅಮೀಶ್ ಬರೆದ 'ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ'. ೨೦೧೦ರಲ್ಲಿ ಇಂಗ್ಲಿಷಿನಲ್ಲಿ ಬಂದು ಲಕ್ಷಗಟ್ಟಲೆ ಮಾರಿದ ಕಾದಂಬರಿ. ಕನ್ನಡಕ್ಕೂ ಬಂದಿದೆ. ನಮ್ಮ ಹುಡುಗರು ಪಠ್ಯವನ್ನು ಪರೀಕ್ಷೆಯ ಹಿಂದಿನ ದಿನ ಓದುತ್ತಾರೆ, ಇದನ್ನು ರಾತ್ರಿ ನಿದ್ದೆಗೆಟ್ಟು ಓದುತ್ತಾರೆ. ಜನಪ್ರಿಯ ಅಂತ ಇಂಥದ್ದನ್ನು ತಳ್ಳಿಹಾಕುವುದು ವಿಮರ್ಶೆಯ ಸೋಮಾರಿತನ. ಓದಿದೆ.

ಇಲ್ಲಿ ಶಿವ ದೇವರಲ್ಲ. ಕೈಲಾಸದ ಕಡೆಯ ಬುಡಕಟ್ಟಿನ ನಾಯಕ. ಮೆಲೂಹ ಎಂಬ ಶಿಸ್ತಿನ ರಾಜ್ಯಕ್ಕೆ ಬರುತ್ತಾನೆ, ಸೋಮರಸ ಕುಡಿದು ಅವನ ಕಂಠ ನೀಲಿಯಾಗುತ್ತದೆ, ಜನ ಕಾಯುತ್ತಿದ್ದ ನೀಲಕಂಠ ಇವನೇ ಎಂದಾಗುತ್ತದೆ. ಆ ರಾಜ್ಯದಲ್ಲಿ 'ವಿಕರ್ಮ'ರಿದ್ದಾರೆ. ಹಿಂದಿನ ಜನ್ಮದ ಪಾಪ ಹೊತ್ತವರು ಎಂಬ ನಂಬಿಕೆಯಿಂದ ಅವರನ್ನು ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಶುದ್ಧೀಕರಣ. ಶಿವ ಮೆಚ್ಚಿದ ಸತಿಯೇ ವಿಕರ್ಮಳು. ಸತ್ತ ಮಗು ಹೆತ್ತಳೆಂಬುದು ಅವಳ ಅಪರಾಧ. ಶಿವ ಅವಳನ್ನು ಮುಟ್ಟುತ್ತಾನೆ. ಆ ಕಾನೂನೇ ಹೋಗುವಂತೆ ಮಾಡುತ್ತಾನೆ. ಹುಡುಗ ಹೇಳಿದ್ದು ಸುಳ್ಳಲ್ಲ.

ಆದರೆ ಸತಿ ಯಾರು? ಚಕ್ರವರ್ತಿ ದಕ್ಷನ ಮಗಳು. ಅಸ್ಪೃಶ್ಯತೆ ಇಲ್ಲಿ ಅರಮನೆಯ ಹೆಣ್ಣಿನ ದುರದೃಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಕೇರಿಯಿಲ್ಲ, ಕಸುಬಿಲ್ಲ, ಬೇರೆ ಬಾವಿಯಿಲ್ಲ, ತಲೆಮಾರಿನ ಸಾಲವಿಲ್ಲ. ಅವಳ ನೋವು ನಿಜ. ಆದರೆ ಓದುಗನ ಕಣ್ಣಲ್ಲಿ ನೀರು ಬರಬೇಕಾದರೆ ಮುಟ್ಟಿಸಿಕೊಳ್ಳದವಳು ರಾಜಕುಮಾರಿಯೇ ಆಗಿರಬೇಕು ಎಂಬ ಲೆಕ್ಕಾಚಾರ ಇದರಲ್ಲಿದೆ. ದ್ರಪಾಕು ಎಂಬ ಸಾಮಾನ್ಯ ವಿಕರ್ಮನೂ ಬರುತ್ತಾನೆ. ಬಿಡುಗಡೆಯಾದ ವಿಕರ್ಮರು ಮೊದಲು ಮಾಡುವ ದೊಡ್ಡ ಕೆಲಸ ಅದೇ ರಾಜ್ಯಕ್ಕಾಗಿ ಯುದ್ಧಕ್ಕೆ ಹೋಗುವುದು. ಮಹಾರ್ ರೆಜಿಮೆಂಟಿನ ಚರಿತ್ರೆ ಗೊತ್ತಿದ್ದವರಿಗೆ ಇದು ಏನೇನೋ ನೆನಪಿಗೆ ತರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕಾದಂಬರಿಯ 'ಮೈಕಾ' ಪದ್ಧತಿ. ಮೆಲೂಹದಲ್ಲಿ ಜಾತಿ ಹುಟ್ಟಿನಿಂದ ಬರುವುದಿಲ್ಲ. ಬಸುರಿಯರೆಲ್ಲ ಮೈಕಾ ಎಂಬ ಊರಿಗೆ ಹೋಗಿ ಹೆರಬೇಕು. ಕೂಸನ್ನು ಅಲ್ಲೇ ಬಿಟ್ಟು ಬರಬೇಕು. ಯಾರ ಕೂಸು ಯಾವುದು ಎಂದು ಯಾರಿಗೂ ತಿಳಿಯದು. ಮಕ್ಕಳು ಒಟ್ಟಿಗೆ ಬೆಳೆದು, ಹರೆಯಕ್ಕೆ ಬಂದಾಗ ಪರೀಕ್ಷೆ ಬರೆದು, ಅಂಕದ ಮೇಲೆ ಬ್ರಾಹ್ಮಣ, ಕ್ಷತ್ರಿಯ, ವೈಶ್ಯ, ಶೂದ್ರ ಆಗುತ್ತಾರೆ. ಆಯಾ ಜಾತಿಯವರು ಅವರನ್ನು ದತ್ತು ತೆಗೆದುಕೊಳ್ಳುತ್ತಾರೆ. ಇದು ರಾಮನು ಹಾಕಿಕೊಟ್ಟ ಪದ್ಧತಿ ಎಂದು ಕಾದಂಬರಿ ಹೇಳುತ್ತದೆ.

ನನ್ನ ವಿದ್ಯಾರ್ಥಿಗೆ ಇದು ಕನಸಿನ ರಾಜ್ಯದಂತೆ ಕಂಡಿತು. ಏಕೆ ಕಾಣಬಾರದು? ಹುಟ್ಟಿದ ಕೇರಿಯ ಗುರುತು ಅಳಿಸಿಹೋಗಬೇಕೆಂದು ನಾನೂ ಎಂಟು ತಿಂಗಳು ಬಯಸಿದವನೇ. ಆದರೆ ಗಮನಿಸಿ. ನಾಲ್ಕು ಮೆಟ್ಟಿಲು ಹಾಗೇ ಉಳಿದಿವೆ. ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಈಗ ಪರೀಕ್ಷೆಯಲ್ಲಿ ಸೋತವನೆಂಬ ಹೆಸರು ಬೇರೆ. ಜಾತಿವಿನಾಶದ ಬಗ್ಗೆ ೧೯೩೬ರಲ್ಲಿ ಬರೆದಾಗ ಬಾಬಾಸಾಹೇಬರು ಆರ್ಯಸಮಾಜಿಗಳ ಗುಣಾಧಾರಿತ ಚಾತುರ್ವರ್ಣ್ಯವನ್ನು ಎದುರಿಗಿಟ್ಟುಕೊಂಡೇ ವಾದಿಸಿದ್ದರು. ಗುಣದಿಂದ ಅಳೆಯುವುದಾದರೆ ಬ್ರಾಹ್ಮಣ, ಶೂದ್ರ ಎಂಬ ಹಣೆಪಟ್ಟಿ ಏಕೆ ಬೇಕು ಎಂಬುದು ಅವರ ಪ್ರಶ್ನೆಯ ತಿರುಳು. ಅಷ್ಟು ವರ್ಷ ಕಳೆದು ಬಂದ ರೋಚಕ ಕಾದಂಬರಿ ಅದೇ ಹಳೆಯ ಸರಕನ್ನು ಹೊಸ ಅಂಗಡಿಯಲ್ಲಿ ಮಾರುತ್ತಿದೆ.

ಮೈಕಾ ಪದ್ಧತಿ ನಡೆಯಬೇಕಾದರೆ ಒಬ್ಬಳು ಇರಬಾರದು. ಹೆತ್ತ ತಾಯಿ. ಅವಳು ಊಟಕ್ಕೆ ಬಂದು ಬಾಯಿಬಿಟ್ಟರೆ ಇಡೀ ಏರ್ಪಾಡು ಸುಟ್ಟುಹೋಗುತ್ತದೆ. ದ್ಯಾಮವ್ವನ ಕಥೆ ಮುದುಕಿಯನ್ನು ಬೈದು ಮರೆಯಿತು. ಮೆಲೂಹದ ಕಥೆ ಅವಳು ಮನೆಗೆ ಬರುವ ಹಾದಿಯನ್ನೇ ಮುಚ್ಚಿತು.

೪

ಹಾಗಾದರೆ ನಮ್ಮದೇ ಮಣ್ಣಿನಿಂದ ಎದ್ದ ಕಲ್ಪನೆ ಏನು ಮಾಡಿದೆ? ಇದನ್ನು ಕೇಳಲು ಗೋಕಾಕ, ಹುಕ್ಕೇರಿಯವರು ದೂರ ಹೋಗಬೇಕಿಲ್ಲ. ಚಂದ್ರಶೇಖರ ಕಂಬಾರರು ೧೯೩೭ರಲ್ಲಿ ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, ಘಟಪ್ರಭಾ ದಂಡೆಯ ಊರು. ಶಾಲೆ ಕಲಿತದ್ದು ಗೋಕಾಕದಲ್ಲಿ. ಕಮ್ಮಾರರ ಮನೆಯ ಮಗ, ಬಡತನದಿಂದ ಓದು ಬಿಡುವ ಹಂತಕ್ಕೆ ಬಂದವರು. 'ಹೇಳತೇನ ಕೇಳ' (೧೯೬೪) ದಿಂದ ಹಿಡಿದು ಅವರು ಕಟ್ಟಿದ ಶಿವಾಪುರ ಎಂಬ ಊರು ಕನ್ನಡದ ಅತಿ ದೊಡ್ಡ ಕಲ್ಪನಾಲೋಕಗಳಲ್ಲಿ ಒಂದು. 'ಕರಿಮಾಯಿ' (೧೯೭೫) ಅಲ್ಲಿಯದೇ. 'ಚಕೋರಿ' (೧೯೯೬) ಮಹಾಕಾವ್ಯದ ಯಕ್ಷಿಯೂ ಅಲ್ಲಿಯವಳೇ. 'ಶಿಖರಸೂರ್ಯ' (೨೦೦೬) ಕಾದಂಬರಿಯಲ್ಲಿ ಒಂದು ಕಡೆ ಅಮ್ಮನನ್ನು ನಂಬಿದ ಶಿವಾಪುರ, ಇನ್ನೊಂದು ಕಡೆ ಬಂಗಾರ ಮತ್ತು ಅಧಿಕಾರದ ಹಸಿವಿನ ಕನಕಪುರಿ. ಹಳೆಯ ಐತಿಹ್ಯಗಳನ್ನು ಕಲಸಿ ಹೊಸ ಅದ್ಭುತಲೋಕ ಕಟ್ಟುವುದಕ್ಕೆ ಇಂಗ್ಲಿಷ್ ಪುಸ್ತಕದ ಅಂಗಡಿಗೆ ಹೋಗಬೇಕಿಲ್ಲ ಎಂಬುದಕ್ಕೆ ಇವು ಸಾಕ್ಷಿ. ೨೦೧೦ರ ಸಾಲಿನ ಜ್ಞಾನಪೀಠ ಅವರಿಗೆ ಬಂದಾಗ ನಾನು ಶಾಲೆಯಲ್ಲಿದ್ದೆ. ನಾವು ಮನೆಯಲ್ಲಿ ಆಡುವ ಮಾತಿನಲ್ಲೇ ಪುಸ್ತಕ ಬರೆಯಬಹುದು ಅಂತ ನನಗೆ ಮೊದಲು ತಿಳಿದದ್ದು ಅವರಿಂದ. ಆ ಋಣ ಇಟ್ಟುಕೊಂಡೇ ಮುಂದಿನದನ್ನು ಹೇಳುತ್ತೇನೆ.

'ಜೋಕುಮಾರಸ್ವಾಮಿ' (೧೯೭೨) ನಾಟಕ ತೆಗೆದುಕೊಳ್ಳೋಣ. ಭಾದ್ರಪದದಲ್ಲಿ ಗಣಪ್ಪ ಹೋದ ಮೇಲೆ ಬರುವ ಮಣ್ಣಿನ ಜೋಕುಮಾರ ಏಳು ದಿನದ ದೇವರು, ಫಲದ ದೇವರು. ಅವನನ್ನು ಬುಟ್ಟಿಯಲ್ಲಿಟ್ಟು ಅಂಬಿಗರ ಹೆಣ್ಣುಮಕ್ಕಳು ಮನೆಮನೆಗೆ ಹೊತ್ತು ತಿರುಗಿ ಹಾಡುತ್ತಾರೆ, ಕಾಳುಕಡಿ ಪಡೆಯುತ್ತಾರೆ. ಕೊನೆಗೆ ಅವನು ಸಾಯುತ್ತಾನೆ, ಊರಿಗೆ ಮಳೆಬೆಳೆ ಆಗುತ್ತದೆ. ಕಂಬಾರರು ಈ ಆಚರಣೆಯೊಳಗೆ ಭೂಮಿಯ ಪ್ರಶ್ನೆಯನ್ನು ಬಿತ್ತಿದರು. ಮಕ್ಕಳಿಲ್ಲದ ಗೌಡತಿ ಗೌಡನಿಗೆಂದು ಮಾಡಿದ ಪಡವಲಕಾಯಿ ಪಲ್ಯ ಉಳುವ ಬಸಣ್ಣನ ಬಾಯಿಗೆ ಬೀಳುತ್ತದೆ. ಗೌಡತಿಯ ಒಡಲಲ್ಲಿ ಬೆಳೆಯುವುದು ಉತ್ತವನ ಬೀಜ. ಗೌಡನ ಕಡೆಯವರು ಬಸಣ್ಣನನ್ನು ಕೊಲ್ಲುತ್ತಾರೆ. ಉಳುವವನೇ ಹೊಲದೊಡೆಯ ಎಂಬ ಮಾತು ರಾಜ್ಯದಲ್ಲಿ ಕಾವೇರುತ್ತಿದ್ದ ಹೊತ್ತಿಗೆ ಬಂದ ನಾಟಕ ಇದು. ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು ೧೯೭೪ರಲ್ಲಿ.

ಐತಿಹ್ಯವನ್ನು ಹೀಗೆ ತಿರುಗಿಸುವುದು ಸಣ್ಣ ಕೆಲಸವಲ್ಲ. ಮೆಲೂಹದ ಶಿವನಂತೆ ಮೇಲಿನಿಂದ ಯಾರೂ ಬಂದು ಇಲ್ಲಿ ಕಾನೂನು ಬದಲಿಸುವುದಿಲ್ಲ. ಬದಲಾವಣೆ ಹೊಲದಿಂದ, ಹೆಣ್ಣಿನ ಬಯಕೆಯಿಂದ ಏಳುತ್ತದೆ.

ನನ್ನ ತಕರಾರು ಇಷ್ಟೇ. ಜೋಕುಮಾರನ ಬುಟ್ಟಿಗೆ ಒಂದು ದಾರಿಯಿದೆ. ಆ ದಾರಿ ಎಲ್ಲಿಯೋ ಒಂದು ಕಡೆ ನಿಲ್ಲುತ್ತದೆ. ನನ್ನ ಸಣ್ಣಂದಿನಲ್ಲಿ ಆ ಬುಟ್ಟಿ ನಮ್ಮ ಕೇರಿಯೊಳಗೆ ಬಂದದ್ದನ್ನು ನಾನು ನೋಡಲಿಲ್ಲ. ಹಾಡು ಕೇಳಬೇಕೆಂದರೆ ನಾವೇ ಕೇರಿಯ ಬಾಯಿಗೆ ಬಂದು ನಿಲ್ಲಬೇಕಿತ್ತು. ಉಳುವವನ ಬೀಜಕ್ಕೆ ಹೊಲ ಸಿಕ್ಕಿತು ಎಂದು ನಾಟಕ ಹಿಗ್ಗುವಾಗ, ಆ ಹೊಲದಲ್ಲಿ ಕೂಲಿ ಮಾಡುವವನಿಗೆ ಏನು ಸಿಕ್ಕಿತು ಎಂದು ನಾನು ಕೇಳದೆ ಇರಲಾರೆ. ಭೂಸುಧಾರಣೆಯಿಂದ ಗೇಣಿದಾರನಿಗೆ ಭೂಮಿ ಬಂತು. ಕೂಲಿ ಮಾಡುವ ಹೊಲೆಯ ಮಾದಿಗರಲ್ಲಿ ಗೇಣಿ ಚೀಟಿ ಇದ್ದವರು ಎಷ್ಟು ಮಂದಿ? ನಾಟಕದ ಗೆಲುವು ಎಲ್ಲಿಗೆ ನಿಲ್ಲುತ್ತದೋ ಕಾನೂನಿನ ಗೆಲುವೂ ಸುಮಾರಾಗಿ ಅಲ್ಲಿಗೇ ನಿಂತಿತು.

ಶಿವಾಪುರ ತಾಯಿಯ ಊರು. ಅಲ್ಲಿ ಎಲ್ಲರೂ ಅವ್ವನ ಮಕ್ಕಳು. 'ಕರಿಮಾಯಿ'ಯಲ್ಲಿ ಪೇಟೆಯ ವಿದ್ಯೆ ಕಲಿತು ಬಂದ ಗುಡಸೀಕರ ಊರಿನ ಆ ನಂಬಿಕೆಗೆ ಎದುರಾಗುತ್ತಾನೆ. ಹೊರಗಿನಿಂದ ಬಂದ ಆಧುನಿಕತೆ ಊರನ್ನು ಒಡೆಯಿತು ಎಂಬ ದುಃಖ ಕಂಬಾರರ ಲೋಕದ ಆಳದಲ್ಲಿದೆ. ನನ್ನಂಥವನು ಆ ದುಃಖವನ್ನು ಪೂರ್ತಿ ಹಂಚಿಕೊಳ್ಳಲಾರ. ಆಧುನಿಕತೆ ಬರುವ ಮೊದಲೇ ಊರು ಒಡೆದಿತ್ತು, ಒಡೆದ ಈ ಕಡೆ ನಾವಿದ್ದೆವು. ಬ್ರಿಟಿಷರ ಶಾಲೆ, ಬಾಬಾಸಾಹೇಬರ ಸಂವಿಧಾನ, ಬಸ್ಸು, ಹಾಸ್ಟೆಲು ಇವೆಲ್ಲ ನಮಗೆ ಹೊರಗಿನಿಂದಲೇ ಬಂದವು, ಬಂದದ್ದು ಒಳ್ಳೆಯದಾಯಿತು. ಗ್ರಾಮದೇವತೆಯನ್ನು ಅವ್ವಾ ಎಂದು ಕರೆಯುವಾಗ ಕೇರಿಯವನಿಗೆ ಒಂದು ಸಂಕಟವಿದೆ. ಅವಳು ತಾಯಿ ಹೌದು. ಐತಿಹ್ಯದ ಪ್ರಕಾರ ನಮ್ಮವನೊಬ್ಬನ ಹೆಂಡತಿಯೂ ಹೌದು, ಅವನನ್ನು ಕೊಂದವಳೂ ಹೌದು. ಈ ಗಂಟನ್ನು ಬಿಚ್ಚದೆ ಬರೀ ತಾಯ್ತನವನ್ನು ಹಾಡಿದರೆ ಇನ್ನೊಬ್ಬ ತಾಯಿ ಮರೆಯಾಗುತ್ತಾಳೆ. ತುತ್ತು ಕೈಯಲ್ಲಿ ಹಿಡಿದು ಕುಂತ ಆ ಮುದುಕಿಗೆ ಶಿವಾಪುರದಲ್ಲೂ ನನಗೆ ಮನೆ ಕಾಣಲಿಲ್ಲ.

೫

ಒಬ್ಬ ಲೇಖಕರನ್ನು ಹಿಡಿದು ಕೇಳುವ ಪ್ರಶ್ನೆ ಇದಲ್ಲ. ನಮ್ಮ ಪುರಾಣಗಳ ಅಭ್ಯಾಸವೇ ಹೀಗಿದೆ. ಉತ್ತರಕಾಂಡದ ಶಂಬೂಕನ ಪ್ರಸಂಗ ನೋಡಿ. ಮಗ ಸತ್ತ ಬ್ರಾಹ್ಮಣ ಅರಮನೆಯ ಬಾಗಿಲಿಗೆ ಬಂದು ಗೋಳಾಡುತ್ತಾನೆ. ಆ ಅಳುವಿಗೆ ಕಾವ್ಯದಲ್ಲಿ ಜಾಗವಿದೆ. ಶಂಬೂಕನ ತಲೆ ಬಿದ್ದಾಗ ಅತ್ತವರು ಯಾರು? ಅವನನ್ನೂ ಒಬ್ಬಳು ಹೆತ್ತಿರಬೇಕಲ್ಲ.

ಕುವೆಂಪು ಅವರು 'ಶೂದ್ರ ತಪಸ್ವಿ' (೧೯೪೪) ಬರೆದು ಆ ಪ್ರಸಂಗವನ್ನು ತಿರುಗಿಸಿದರು. ರಾಮನ ಬ್ರಹ್ಮಾಸ್ತ್ರ ತಪಸ್ವಿಗೆ ತಲೆಬಾಗಿ, ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಪುರಾಣವನ್ನು ಹೀಗೆ ಬದಲಿಸುವುದು ಸರಿಯೇ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಆ ವಾದದಲ್ಲಿ ನಾನು ಕುವೆಂಪು ಕಡೆಯವನು. ಜನ ಸಾವಿರ ಬಾರಿ ಬದಲಿಸಿ ಹೇಳಿದ್ದನ್ನು ಶೂದ್ರನೊಬ್ಬ ಬದಲಿಸಿದಾಗ ಮಾತ್ರ ಪ್ರಶ್ನೆ ಏಳುವುದೇಕೆ? ಆದರೂ ಒಂದು ಮಾತು. ಅಲ್ಲಿ ಶಂಬೂಕ ಉಳಿಯುವುದು ತಪಸ್ಸಿನ ಬಲದಿಂದ. ತಪಸ್ಸು ಮಾಡದ, ಹಲಗಿ ಬಾರಿಸುವ, ಸತ್ತ ದನ ಎಳೆಯುವ ಸಾಮಾನ್ಯನಿಗೆ ಬ್ರಹ್ಮಾಸ್ತ್ರ ತಲೆಬಾಗುತ್ತಿತ್ತೇ?

ಇದಕ್ಕಿಂತ ಬಹಳ ಹಿಂದೆ, ೧೮೭೩ರಲ್ಲಿ, ಜೋತಿಬಾ ಫುಲೆ 'ಗುಲಾಮಗಿರಿ'ಯಲ್ಲಿ ದಶಾವತಾರವನ್ನೇ ಬುಡಮೇಲು ಮಾಡಿದರು. ವಾಮನ ಮೋಸಗಾರ, ಬಲಿ ರೈತರ ರಾಜ. ಮರಾಠಿಗೆ ಹತ್ತಿರದ ನಮ್ಮ ಗಡಿ ಸೀಮೆಯ ದಲಿತ ಹುಡುಗರು ಅಮೀಶನನ್ನು ಓದಿದ್ದಾರೆ, ಫುಲೆಯನ್ನು ಓದಿಲ್ಲ. ಇದರಲ್ಲಿ ಅವರ ತಪ್ಪಿಗಿಂತ ಮೇಷ್ಟ್ರುಗಳಾದ ನಮ್ಮ ತಪ್ಪು ದೊಡ್ಡದು.

ಕನ್ನಡದಲ್ಲಿ ಕೇರಿಯ ಒಳಗಿನಿಂದ ಎದ್ದ ಅದ್ಭುತದ ಕಥನ ಎಂದರೆ ದೇವನೂರ ಮಹಾದೇವರ 'ಕುಸುಮಬಾಲೆ' (೧೯೮೪). ಮೇಲುಜಾತಿಯ ಹೆಣ್ಣು, ದಲಿತ ಹುಡುಗ ಚೆನ್ನ, ಕೊಲೆ. ನೋಡಿದರೆ ಇದು ದ್ಯಾಮವ್ವನ ಕಥೆಯ ನೆರೆಮನೆಯೇ. ಆದರೆ ಮಹಾದೇವರು ಅದ್ಭುತವನ್ನು ಇಟ್ಟದ್ದು ಎಲ್ಲಿ? ರಾತ್ರಿ ಮನೆಮನೆಯ ದೀಪಗಳಾದ ಜೋತಮ್ಮಗಳು ಕೂಡಿ ಮಾತಾಡುತ್ತವೆ. ಮಂಚ ಬಾಯಿ ಬಿಡುತ್ತದೆ. ಮನುಷ್ಯರು ಮುಚ್ಚಿಟ್ಟದ್ದನ್ನು ವಸ್ತುಗಳು ಹೇಳುತ್ತವೆ. ಯಾರ ಬಾಯಿ ಮುಚ್ಚಿದೆಯೋ ಅಲ್ಲಿಗೆ ಮಾತು ತರಿಸುವುದು ಇಲ್ಲಿನ ಕಲ್ಪನೆಯ ಕೆಲಸ. ನೀಲಿ ಕಂಠದ ಉದ್ಧಾರಕ ಇದರಲ್ಲಿ ಬೇಕಾಗಲೇ ಇಲ್ಲ. ದಲಿತ ಲೇಖಕರು ವಾಸ್ತವವನ್ನಷ್ಟೇ ಬರೆಯಬೇಕು, ಆತ್ಮಕಥೆಯನ್ನಷ್ಟೇ ಬರೆಯಬೇಕು ಎಂದು ನಿರೀಕ್ಷಿಸುವವರು ನಮ್ಮೊಳಗೂ ಇದ್ದಾರೆ. ನಮ್ಮ ಸತ್ಯವನ್ನು ಹೇಳಲು ದೀಪ, ಮಂಚಗಳನ್ನೂ ಸಾಕ್ಷಿಗೆ ಕರೆಯಬೇಕಾಗುತ್ತದೆ, ಯಾಕೆಂದರೆ ಮನುಷ್ಯ ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿ ಬೀಳುತ್ತಾರೆ.

೬

ಈ ಬರಹ ಓದುವ ಕಾರ್ಯಕರ್ತ ಗೆಳೆಯರು ಕೇಳಬಹುದು: ಈ ಐತಿಹ್ಯಗಳೇ ಯಾಕ ಬೇಕು? ಜಾತ್ರೆ ಬಿಡ್ರಿ, ಹಲಗಿ ಬಿಡ್ರಿ ಅಂತ ಹೇಳಿದ ಚಳವಳಿ ನಮ್ಮದಲ್ಲವೇ? ಹೌದು. ೧೯೭೦ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಅದನ್ನು ಹೇಳಿತು. ೧೯೮೬ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದವರು ಪೆಟ್ಟು ತಿಂದರು, ಆಮೇಲೆ ಆ ಸೇವೆ ನಿಷೇಧವಾಯಿತು. ಸಂಘಟನೆಯ ಮಾತು ಕೇಳಿ ನಮ್ಮಪ್ಪ ಹಲಗಿ ಬಾರಿಸುವುದು ಬಿಟ್ಟ. ಕಾಕಾ ಬಿಡಲಿಲ್ಲ. ನಮ್ಮ ಮನೆಯಲ್ಲಿ ಇದರ ಸಲುವಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಅಪ್ಪ ಬಿಟ್ಟದ್ದರಿಂದ ನಾನು ಲೆಕ್ಚರರ್ ಆದೆ ಎಂದು ಈಗಲೂ ನಂಬಿದ್ದೇನೆ. ಡಿ.ಆರ್. ನಾಗರಾಜ್ ಅವರು ೧೯೯೩ರಲ್ಲಿ ಬಂದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ, ದಲಿತ ಚಳವಳಿ ತನ್ನ ಗತವನ್ನೆಲ್ಲ ಅವಮಾನವೆಂದು ಬಗೆದು ಸಾಂಸ್ಕೃತಿಕ ನೆನಪನ್ನು ಕಳೆದುಕೊಳ್ಳುವ ಅಪಾಯದ ಬಗ್ಗೆ ಎಚ್ಚರಿಸಿದ್ದರು. ನನಗೆ ಅಪ್ಪನೂ ಬೇಕು, ನಾಗರಾಜರ ಎಚ್ಚರಿಕೆಯೂ ಬೇಕು. ಜಾತ್ರೆಯಲ್ಲಿ ಬಿಟ್ಟಿಯಾಗಿ ಹಲಗಿ ಬಾರಿಸುವ ಚಾಕರಿಗೆ ಮರಳಿ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಚಾಕರಿ ಬಿಟ್ಟವನು ನೆನಪನ್ನೂ ಬಿಟ್ಟರೆ ಆ ಜಾಗವನ್ನು ಮೆಲೂಹ ತುಂಬುತ್ತದೆ. ನಮ್ಮ ಹುಡುಗರಿಗೆ ಕಥೆ ಬೇಕು. ನಾವು ಕೊಡದಿದ್ದರೆ ಬೇರೆಯವರು ಕೊಡುತ್ತಾರೆ.

ಸೆಮಿಸ್ಟರಿನ ಕೊನೆಗೆ ಅದೇ ಹುಡುಗಿ ಎರಡು ಪುಟ ಬರೆದು ತಂದಳು. ಅದರ ಸಾರ ಇಷ್ಟು. ಮನೆಗೆ ಬೆಂಕಿ ಬಿದ್ದಾಗ ಮುದುಕಿ ಜೋಳದ ಹೊಲದಲ್ಲಿ ಅಡಗಿ ಉಳಿಯುತ್ತಾಳೆ. ಜಾತ್ರೆ ಮುಗಿದು ಊರು ಮಲಗಿದ ಮೇಲೆ ಬರುತ್ತಾಳೆ. ಕೋಣನ ತಲೆ ದೇವಿಯ ಮುಂದಿದೆ. ಅದರ ಮುಂಗಾಲನ್ನು ಕಡಿದು ಅದರ ಬಾಯಿಗೇ ಇಟ್ಟಿದ್ದಾರೆ. ಇದು ಅವಳ ಕಲ್ಪನೆಯಲ್ಲ, ಕೋಣ ಕಡಿಯುವ ಕಡೆ ಇದ್ದ ಪದ್ಧತಿ. ಮುದುಕಿ ಆ ಕಾಲನ್ನು ಬಾಯಿಂದ ತೆಗೆಯುತ್ತಾಳೆ. ಕೇರಿಯ ಕಡೆ ಒಗೆದಿದ್ದ ತೊಗಲನ್ನು ಒಯ್ದು, ಉಪ್ಪು ಹಚ್ಚಿ ಒಣಗಿಸಿ, ಬಳೆಗೆ ಬಿಗಿದು ಹಲಗಿ ಮಾಡುತ್ತಾಳೆ. ಮುಂದಿನ ಜಾತ್ರೆಗೆ ಅದನ್ನು ಬಾರಿಸಿದಾಗ ತೇರು ಹೊರಡುತ್ತದೆ. ಹಲಗಿ ಏನು ಹೇಳುತ್ತಿದೆ ಎಂದು ಊರಿಗೆ ತಿಳಿಯುವುದಿಲ್ಲ. ಅದು ತನ್ನ ಮಗನ ಹೆಸರು ಹೇಳುತ್ತಿದೆ ಎಂದು ಅವಳಿಗೆ ಗೊತ್ತು.

ಓದಿ ಸ್ವಲ್ಪ ಹೊತ್ತು ನಾನು ಮಾತಾಡಲಿಲ್ಲ. ನಮ್ಮವ್ವ ಆ ಅಕ್ಕಾರ ಎದುರಿಗೆ ಹೆಮ್ಮೆಯಿಂದ ಅಂದದ್ದರ ಅರ್ಥ ಎರಡು ವರ್ಷದ ಮೇಲೆ ನನಗೆ ಸಿಕ್ಕಿತ್ತು. ಅವಳು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ತೇರು ಯಾರಿಲ್ಲದೆ ಹೊರಡದು ಎಂದು ಹೇಳಿದ್ದಳು. ಅವಮಾನ ಕಂಡದ್ದು ನನ್ನ ಕಣ್ಣಿಗೆ.

ಅವಳ ಕಥೆಯಲ್ಲಿ ಕೊರತೆಯಿಲ್ಲ ಎಂದಲ್ಲ. ದ್ಯಾಮವ್ವ ಅಲ್ಲಿ ಬರೀ ಕೊಲೆಗಾತಿಯಾಗಿ ಉಳಿದಿದ್ದಾಳೆ. ಜಾತಿ ಕೆಟ್ಟಿತೆಂದು ಸ್ವಂತ ಮಕ್ಕಳನ್ನೂ ಕಳೆದುಕೊಂಡ ಆ ಹೆಣ್ಣಿನ ಕೈಗೆ ಕೊಳ್ಳಿ ಕೊಟ್ಟವರು ಯಾರು? ಇದನ್ನು ಕೇಳಿದಾಗ ಹುಡುಗಿ, 'ಅದನ್ನ ಅವರ ಓಣಿಯವರು ಬರೀಲಿ ಬಿಡ್ರಿ ಸರ' ಅಂದಳು. ಒಪ್ಪಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಮಗಳನ್ನು ಹೆತ್ತವರೇ ಕೊಂದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುವ ಕಾಲದಲ್ಲಿ ದ್ಯಾಮವ್ವನನ್ನೂ ಬಿಟ್ಟುಕೊಡುವುದು ನನಗೆ ಕಷ್ಟ.

ದಲಿತ ವಿಮರ್ಶೆಗೆ ನಾನು ಸೂಚಿಸಬಲ್ಲ ದಾರಿ ಚಿಕ್ಕದು. ಹಳೆಯ ಕಥೆಯನ್ನು ಯಾರೇ ಹೊಸದಾಗಿ ಕಟ್ಟಲಿ, ಬೆಂಗಳೂರಿನವರಾಗಲಿ, ಮುಂಬಯಿಯವರಾಗಲಿ, ನಮ್ಮೂರಿನವರೇ ಆಗಲಿ, ಅದರಲ್ಲಿ ದೇವರು ಯಾರು, ನಾಯಕ ಯಾರು ಎಂದು ಕೇಳುವ ಮೊದಲು ಸತ್ತವನಿಗೆ ಅಳುವವರಿದ್ದಾರೆಯೇ ಎಂದು ಕೇಳೋಣ. ನಮ್ಮ ಮೂರು ತಾಲ್ಲೂಕುಗಳ ಕೇರಿಗಳಲ್ಲಿ ದ್ಯಾಮವ್ವನ ಕಥೆ ಹೇಳುವ ಮುದುಕಿಯರು ಇನ್ನೂ ಇದ್ದಾರೆ. ಈ ಸಲದ ರಜೆಯಲ್ಲಿ ವಿದ್ಯಾರ್ಥಿಗಳು ಅವರ ಹತ್ತಿರ ಹೋಗುತ್ತಿದ್ದಾರೆ. ಕಥೆ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ ಬನ್ನಿ ಎಂದು ಹೇಳಿದ್ದೇನೆ.

ಗೋಕಾಕದಲ್ಲೇ ಈಗ ಬೇರೆ ರೂಮು ಹಿಡಿದಿದ್ದೇನೆ. ಈ ಸಲ ಜಾತಿ ಮೊದಲೇ ಹೇಳಿದೆ. ಮೂರು ಮನೆ ತಪ್ಪಿ ನಾಲ್ಕನೆಯದು ಸಿಕ್ಕಿತು. ಅವ್ವ ಬರುವ ವಾರ ಬರುವವಳಿದ್ದಾಳೆ. ಆ ಮುದುಕಿ ಏನಾದಳು ಅಂತ ಅವಳನ್ನೂ ಕೇಳಬೇಕು.